ಸೂಜಿ ಇಲ್ಲದ ಶುಗರ್ ಮಿಷನ್: ಮಂಡ್ಯ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಮಂಡ್ಯ ಪೇಟೆಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿರುವವಳು. ಮಾತ್ರೆ ಕೊಡುವುದರ ಜೊತೆಗೆ ಬಂದವರ ಶುಗರ್, ಬಿಪಿ ಕಥೆ ಕೇಳುವುದೂ ನನ್ನ ದಿನದ ಕೆಲಸ. ಈ ಪತ್ರವನ್ನು ನಿಮ್ಮ ಕಚೇರಿಯ ಟಪಾಲಿಗೆ ಕೊಟ್ಟಿದ್ದೇನೆ. ಎಲ್ಲರೂ ಓದಲಿ ಅಂತ ಇಲ್ಲೂ ಹಾಕುತ್ತಿದ್ದೇನೆ. ಇದರಲ್ಲಿ ಅರ್ಧ ಮಾತು ನಿಮಗೆ, ಇನ್ನರ್ಧ ಶುಗರ್ ಇರುವವರ ಮನೆಯವರಿಗೆ.

ವಿಷಯ ಇಷ್ಟು. ಬೆರಳು ಚುಚ್ಚದೆ, ಒಂದು ಹನಿ ರಕ್ತ ತೆಗೆಯದೆ ಶುಗರ್ ತೋರಿಸುತ್ತದೆ ಎಂದು ಹೇಳುವ ವಾಚು, ಉಂಗುರ, ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು ನಮ್ಮ ಜಿಲ್ಲೆಯಲ್ಲಿ ಧಾರಾಳವಾಗಿ ಮಾರಾಟವಾಗುತ್ತಿವೆ. ಮೊಬೈಲ್ ಕವರ್ ಮಾರುವ ಅಂಗಡಿಯಲ್ಲಿ ಸಿಗುತ್ತವೆ. ಜಾತ್ರೆಯಲ್ಲಿ, ವಸ್ತುಪ್ರದರ್ಶನದ ಸ್ಟಾಲಿನಲ್ಲಿ ಸಿಗುತ್ತವೆ. ವಾಟ್ಸಾಪಿನಲ್ಲಿ ಜಾಹೀರಾತು ಬರುತ್ತದೆ, ಮೂರನೇ ದಿನಕ್ಕೆ ಕೊರಿಯರ್‌ನವನು ಮನೆ ಬಾಗಿಲಿಗೆ ತಂದು ಕೊಡುತ್ತಾನೆ. ನನ್ನ ಅಂಗಡಿಗೆ ಬರುವವರು ಕೇಳುವುದೂ ಅದನ್ನೇ. "ಅಕ್ಕ, ಚುಚ್ಚಂಗಿಲ್ದೆ ಶುಗರ್ ನೋಡೋ ವಾಚು ಬಂದದಂತಲ್ಲ, ನಿಮ್ಮತ್ರ ಅದಾ?"

ಇಲ್ಲ. ನನ್ನ ಹತ್ತಿರ ಇಲ್ಲ. ಅಂಥ ವಾಚು ಸದ್ಯಕ್ಕೆ ಯಾರ ಹತ್ತಿರವೂ ಇಲ್ಲ. ಮಾರುತ್ತಿರುವುದು ನಂಬರ್ ತೋರಿಸುವ ವಾಚು, ಶುಗರ್ ಅಳೆಯುವ ವಾಚಲ್ಲ. ಇದರ ಬಗ್ಗೆ ತನಿಖೆ ಮಾಡಿ ವರದಿ ಕಳಿಸುವ ಅಧಿಕಾರ ನಿಮ್ಮ ಕೈಯಲ್ಲೇ ಇದೆ. ಅದನ್ನು ಬಳಸಿ ಎಂದು ಕೇಳಲು ಈ ಪತ್ರ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬೆರಳು ಚುಚ್ಚಿ ಶುಗರ್ ನೋಡುವ ಗ್ಲುಕೋಮೀಟರ್, ಅದಕ್ಕೆ ರಕ್ತದ ಹನಿ ಹಾಕುವ ಸ್ಟ್ರಿಪ್ ಮಾರುವುದರಲ್ಲಿ ನನಗೆ ಲಾಭ ಇದೆ. "ತನ್ನ ಸ್ಟ್ರಿಪ್ ಖರ್ಚಾಗಲಿ ಅಂತ ಹೇಳ್ತಾಳೆ" ಅಂತ ಯಾರಾದರೂ ಅಂದರೆ ಅದು ಸಹಜ. ಅದಕ್ಕೇ ನನ್ನ ಮಾತನ್ನು ನಂಬಿ ಎಂದು ಕೇಳುತ್ತಿಲ್ಲ. ಈ ಪತ್ರದಲ್ಲಿರುವ ಪ್ರತಿಯೊಂದನ್ನೂ ನೀವು ನಮ್ಮೂರಿನ ಸರ್ಕಾರಿ ಮಿಮ್ಸ್ ಆಸ್ಪತ್ರೆಯ ವೈದ್ಯರನ್ನೋ ಜಿಲ್ಲಾ ಔಷಧ ನಿಯಂತ್ರಣ ಕಚೇರಿಯನ್ನೋ ಕೇಳಿ ಖಚಿತ ಮಾಡಿಕೊಳ್ಳಬಹುದು. ಇನ್ನೊಂದು ಮಾತು. ನಿಜವಾದ ಸೂಜಿ ಇಲ್ಲದ ಮೀಟರ್ ಬಂದ ದಿನ ಅದನ್ನು ಮಾರಲು ಮೊದಲು ಸಾಲಿನಲ್ಲಿ ನಿಲ್ಲುವವಳೂ ನಾನೇ. ಅದರಲ್ಲಿ ಸ್ಟ್ರಿಪ್‌ಗಿಂತ ಜಾಸ್ತಿ ಲಾಭ ಸಿಗುತ್ತದೆ, ಅಲ್ವಾ?

ಈಗ ವಾಚಿನ ಕಥೆ. ಒಂದನ್ನು ದುಡ್ಡು ಕೊಟ್ಟು ತಂದೆ. ಹಿಂಭಾಗದಲ್ಲಿ ಹಸಿರು ಲೈಟು ಮಿಣಮಿಣ ಅನ್ನುತ್ತದೆ. ಕೈಗೆ ಕಟ್ಟಿ ಒಂದು ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು ಯೋಚನೆ ಮಾಡುವ ಹಾಗೆ ಚಕ್ರ ತಿರುಗಿಸಿ ಒಂದು ನಂಬರ್ ಕೊಡುತ್ತದೆ. ನನಗೆ 5.7 ಬಂತು. ಅಂಗಡಿ ಹುಡುಗನಿಗೆ 5.5 ಬಂತು. ಅವನು ತುಂಟ. ಪಕ್ಕದ ಜ್ಯೂಸ್ ಗಾಡಿಯಿಂದ ಒಂದು ತುಂಡು ಕಬ್ಬು ತಂದು ವಾಚನ್ನು ಅದಕ್ಕೆ ಕಟ್ಟಿದ. ಅದೇ ಚಕ್ರ ತಿರುಗಿತು, ಅದೇ ಲೈಟು ಮಿಣಮಿಣ ಅಂತು. 5.6 ಬಂತು. ಮಂಡ್ಯದ ಕಬ್ಬಿಗೆ ಶುಗರ್ ನಾರ್ಮಲ್!

ನಗು ಬಂತು, ನಿಜ. ಆದರೆ ಆ 5.6 ಎನ್ನುವ ನಂಬರಿನಲ್ಲೇ ಒಂದು ದೊಡ್ಡ ಅಪಾಯ ಇದೆ. ನಮ್ಮ ದೇಶದಲ್ಲಿ ಶುಗರ್ ಹೇಳುವುದು ಒಂದು ಡೆಸಿಲೀಟರ್ ರಕ್ತಕ್ಕೆ ಎಷ್ಟು ಮಿಲಿಗ್ರಾಂ ಎಂದು. ಬರಿ ಹೊಟ್ಟೆಯಲ್ಲಿ 90, ಊಟ ಆದ ಮೇಲೆ 180, ಹೀಗೆ. ಈ ವಾಚುಗಳಲ್ಲಿ ಬಹಳಷ್ಟು ಹೊರದೇಶದ ಲೆಕ್ಕದಲ್ಲಿ, ಅಂದರೆ ಲೀಟರಿಗೆ ಇಷ್ಟು ಮಿಲಿಮೋಲ್ ಎಂದು ತೋರಿಸುತ್ತವೆ. ಅದನ್ನು 18ರಿಂದ ಗುಣಿಸಿದರೆ ನಮ್ಮ ಲೆಕ್ಕ ಬರುತ್ತದೆ. 5.6 ಅಂದರೆ ಸುಮಾರು 101. 11 ಅಂದರೆ 198. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಜನರಿಗೆ ಗೊತ್ತಿರುವ, ಇಷ್ಟು ಚಿಕ್ಕ ನಂಬರ್ ಬರುವ ಪರೀಕ್ಷೆ ಒಂದೇ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ. ಅದರಲ್ಲಿ 5.7ಕ್ಕಿಂತ ಕಡಿಮೆ ಇದ್ದರೆ ನಾರ್ಮಲ್, 6.5 ಮುಟ್ಟಿದರೆ ಶುಗರ್ ಕಾಯಿಲೆ. ಹಾಗಾಗಿ ವಾಚಿನಲ್ಲಿ 6 ನೋಡಿದವರು "ಮೂರು ತಿಂಗಳ ಶುಗರ್ರೇ 6 ಅದೆ, ವಾಸಿಯಾಯ್ತು" ಅಂದುಕೊಳ್ಳುತ್ತಾರೆ.

ಪಾಂಡವಪುರದ ಕಡೆಯ ಹಳ್ಳಿಯ ಒಬ್ಬ ತಾಯಿ ಹಾಗೇ ಅಂದುಕೊಂಡರು. ಬೆಂಗಳೂರಿನಲ್ಲಿರುವ ಮಗ ಪ್ರೀತಿಯಿಂದ ವಾಚು ಕಳಿಸಿದ್ದ. ಬೆಳಗ್ಗೆ 6, ಮಧ್ಯಾಹ್ನ 6.2, ರಾತ್ರಿ 5.9. ದಿನಾ ಅದೇ. ಎರಡು ಹೊತ್ತು ನುಂಗುತ್ತಿದ್ದ ಮಾತ್ರೆಯನ್ನು ತಾವೇ ಒಂದು ಹೊತ್ತಿಗೆ ಇಳಿಸಿದರು. ಆಮೇಲೆ ಎರಡು ದಿನಕ್ಕೊಂದು. ಅವರು ನನ್ನ ಅಂಗಡಿಗೆ ಬಂದದ್ದು ಶುಗರ್ ಮಾತ್ರೆಗಲ್ಲ, ಕಾಲು ಉರಿಗೆ ಮುಲಾಮು ಕೇಳಿಕೊಂಡು. ಕೈ ತೊಳೆಸಿ ಬೆರಳು ಚುಚ್ಚಿ ನೋಡಿದರೆ 340ರ ಮೇಲೆ. ಅದೇ ಹೊತ್ತಿನಲ್ಲಿ ಕೈಯಲ್ಲಿದ್ದ ವಾಚು 6.1 ತೋರಿಸುತ್ತಿತ್ತು. ಅವರು ನನ್ನ ಮೀಟರ್ ಕೆಟ್ಟಿದೆ ಅಂದರು. ಯಾಕೆ ಅನ್ನಬಾರದು? ಒಂದು ನೋಯಿಸಿ ಕೆಟ್ಟ ಸುದ್ದಿ ಹೇಳುತ್ತದೆ, ಇನ್ನೊಂದು ನೋವಿಲ್ಲದೆ ಒಳ್ಳೆ ಸುದ್ದಿ ಹೇಳುತ್ತದೆ. ಯಾವುದನ್ನು ನಂಬಬೇಕು ಅನ್ನಿಸುತ್ತದೆ ಹೇಳಿ. ಕೊನೆಗೆ ಲ್ಯಾಬಿನ ರಿಪೋರ್ಟ್ ಬಂದ ಮೇಲೆಯೇ ಅವರು ಒಪ್ಪಿದ್ದು. ವೈದ್ಯರು ಮಾತ್ರೆಯನ್ನು ಮತ್ತೆ ಮೊದಲಿನಿಂದ ಹೊಂದಿಸಬೇಕಾಯಿತು.

ಇವು ನಂಬರನ್ನು ಎಲ್ಲಿಂದ ತರುತ್ತವೆ? ಹಸಿರು ಲೈಟಿನಿಂದ ನಾಡಿ ಬಡಿತ ಸಿಗುತ್ತದೆ. ಹಾಕಿಕೊಳ್ಳುವಾಗ ವಯಸ್ಸು, ತೂಕ, ಎತ್ತರ ಕೇಳಿರುತ್ತದೆ. ಗಂಟೆ ಎಷ್ಟು ಎಂದು ಗೊತ್ತು. ಇಷ್ಟಿದ್ದರೆ ಊಹೆ ಮಾಡಬಹುದು. ಕೆಲವು ವಾಚುಗಳು "ಮೊದಲು ಒಂದು ಸಲ ಬೆರಳು ಚುಚ್ಚಿ ಬಂದ ನಂಬರ್ ಹಾಕಿ" ಅನ್ನುತ್ತವೆ. ಆಮೇಲೆ ಅದೇ ನಂಬರಿನ ಆಸುಪಾಸಿನಲ್ಲಿ ಮೇಲೆ ಕೆಳಗೆ ಓಡಾಡುತ್ತವೆ. ಇದನ್ನು ಅಳತೆ ಅನ್ನುವುದು ಹೇಗೆ?

ಊಹೆ ಸರಿ ಬರುವುದಕ್ಕೂ ಕಾರಣ ಇದೆ. ಶುಗರ್ ಕಾಯಿಲೆ ಇಲ್ಲದವರ ರಕ್ತದಲ್ಲಿ ಸಕ್ಕರೆ ಹಗಲು ರಾತ್ರಿ ಹೆಚ್ಚುಕಡಿಮೆ 70ರಿಂದ 140ರ ಒಳಗೇ ಇರುತ್ತದೆ. ಬರಿ ಹೊಟ್ಟೆಯಲ್ಲಂತೂ ಇನ್ನೂ ಕಿರಿದಾದ ಗಡಿ. ಕಣ್ಣು ಮುಚ್ಚಿ "95" ಅಂದರೂ ಬಹಳ ಜನಕ್ಕೆ ಹತ್ತಿರ ಬರುತ್ತದೆ. ವಾಚು ಕೊಳ್ಳುವ ಮಗ ಮೊದಲು ತನ್ನ ಕೈಗೆ ಕಟ್ಟಿ, ಗ್ಲುಕೋಮೀಟರ್ ಜೊತೆ ತಾಳೆ ನೋಡುತ್ತಾನೆ. ಎರಡೂ ಹತ್ತಿರ ಬರುತ್ತವೆ. "ಕರೆಕ್ಟಾಗಿದೆ" ಅಂತ ಅಪ್ಪನಿಗೆ ಕೊಡುತ್ತಾನೆ. ಅಪ್ಪನ ಶುಗರ್ 60 ಆಗಬಹುದು, 360 ಆಗಬಹುದು. ಊಹೆ ಕೈಕೊಡುವುದು ಅಲ್ಲೇ, ಮೀಟರ್ ಬೇಕಾಗುವುದೂ ಅಲ್ಲೇ.

ಕೊರೋನಾ ಕಾಲದಲ್ಲಿ ಬೆರಳಿಗೆ ಕ್ಲಿಪ್ಪು ಹಾಕಿ ಆಮ್ಲಜನಕ ನೋಡಲಿಲ್ಲವಾ, ಅದು ಬೆಳಕಿನಿಂದಲೇ ನೋಡಿತಲ್ಲ, ಶುಗರ್ ಯಾಕೆ ಆಗಬಾರದು ಎಂದು ಓದಿದವರೇ ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಆ ಕ್ಲಿಪ್ಪಿನ ಹಿಂದಿನ ಉಪಾಯವನ್ನು 1970ರ ದಶಕದಲ್ಲಿ ಜಪಾನಿನ ಎಂಜಿನಿಯರ್ ಟಕುವೊ ಅಯೋಯಾಗಿ ಕಂಡುಹಿಡಿದರು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ಆಮ್ಲಜನಕ ಹೊತ್ತಾಗ ಹೊಳೆಯುವ ಕೆಂಪು, ಇಲ್ಲದಾಗ ಸ್ವಲ್ಪ ಕಪ್ಪು ಕೆಂಪು. ಒಂದು ಕೆಂಪು ಬೆಳಕು, ಒಂದು ಕಣ್ಣಿಗೆ ಕಾಣದ ಬೆಳಕು, ಎರಡನ್ನು ಹಾಯಿಸಿ ಹೋಲಿಸಿದರೆ ಲೆಕ್ಕ ಸಿಗುತ್ತದೆ. ಬಣ್ಣ ಬದಲಾಗುತ್ತದೆ, ಅದಕ್ಕೇ ಕಾಣುತ್ತದೆ. ಸಕ್ಕರೆಗೆ ಬಣ್ಣ ಎಲ್ಲಿದೆ? ನೀರಿನಲ್ಲಿ ಕರಗಿಸಿದರೆ ನೀರಿನ ಹಾಗೇ ಇರುತ್ತದೆ.

ನಮ್ಮ ಜಿಲ್ಲೆಯವರಿಗೆ ಇದನ್ನು ಕಬ್ಬಿನಿಂದ ಹೇಳುವುದು ಸುಲಭ. ಕಬ್ಬು ಕಟಾವಿಗೆ ಬಂತಾ ಎಂದು ನೋಡಲು ಬ್ರಿಕ್ಸ್ ಮೀಟರ್ ಹಿಡಿಯುತ್ತಾರೆ. ಜಲ್ಲೆಗೆ ಚುಚ್ಚಿ ಒಂದೆರಡು ಹನಿ ರಸ ತೆಗೆದು, ಗಾಜಿನ ಮೇಲೆ ಬಿಟ್ಟು, ಬೆಳಕಿಗೆ ಹಿಡಿದು ನೋಡುತ್ತಾರೆ. 18, 20 ಅಂತ ತೋರಿಸುತ್ತದೆ. ಅಂದರೆ ನೂರು ಭಾಗ ರಸದಲ್ಲಿ ಹದಿನೆಂಟಿಪ್ಪತ್ತು ಭಾಗ ಕರಗಿದ ಪದಾರ್ಥ, ಅದರಲ್ಲಿ ಬಹುಪಾಲು ಸಕ್ಕರೆಯೇ. ಅಷ್ಟು ಸಕ್ಕರೆ ತುಂಬಿರುವ ಕಬ್ಬಿಗೂ ಚುಚ್ಚಿ ರಸ ತೆಗೆಯಲೇಬೇಕು. ಸಿಪ್ಪೆಯ ಮೇಲೆ ಲೈಟು ಬಿಟ್ಟು ಬ್ರಿಕ್ಸ್ ಹೇಳುತ್ತೇನೆ ಎಂದರೆ ಯಾವ ರೈತನೂ ಒಪ್ಪುವುದಿಲ್ಲ. ಮನುಷ್ಯನ ರಕ್ತದಲ್ಲಿ ಸಕ್ಕರೆ ಎಷ್ಟು? ನೂರು ಮಿಲಿಲೀಟರಿಗೆ ನೂರು ಮಿಲಿಗ್ರಾಂ, ಅಂದರೆ ನೂರರಲ್ಲಿ 0.1 ಭಾಗ. ಕಬ್ಬಿನ ರಸದಲ್ಲಿ ಇರುವುದಕ್ಕಿಂತ ಸುಮಾರು ಇನ್ನೂರು ಪಟ್ಟು ಕಡಿಮೆ. ಮೈಯಲ್ಲಿರುವ ಐದು ಲೀಟರ್ ರಕ್ತಕ್ಕೆಲ್ಲ ಸೇರಿ ಒಂದು ಟೀ ಚಮಚ ಸಕ್ಕರೆ, ಅಷ್ಟೇ. ಅದೇ ರಕ್ತದ ಪ್ಲಾಸ್ಮಾದಲ್ಲಿ, ಅಂದರೆ ಅದರ ನೀರಿನಂಥ ಭಾಗದಲ್ಲಿ, ಪ್ರೋಟೀನ್ ಮಾತ್ರ ನೂರಕ್ಕೆ ಏಳು ಭಾಗದಷ್ಟಿರುತ್ತದೆ. ಜೊತೆಗೆ ಕೊಬ್ಬು, ಹಿಮೋಗ್ಲೋಬಿನ್, ಎಲ್ಲಕ್ಕಿಂತ ಹೆಚ್ಚಾಗಿ ನೀರು. ಚರ್ಮದ ದಪ್ಪ, ಬಣ್ಣ, ಬೆವರು, ಚಳಿ, ಕಟ್ಟಿದ ಪಟ್ಟಿಯ ಬಿಗಿ, ಇದೆಲ್ಲಾ ಬೆಳಕನ್ನು ಸಕ್ಕರೆಗಿಂತ ಎಷ್ಟೋ ಜಾಸ್ತಿ ಬದಲಿಸುತ್ತದೆ. ಅಷ್ಟರ ನಡುವೆ 70ಕ್ಕೂ 90ಕ್ಕೂ ಇರುವ ವ್ಯತ್ಯಾಸ ಹಿಡಿಯಬೇಕು.

ಸ್ಟ್ರಿಪ್ ಆ ಕೆಲಸ ಮಾಡುವುದು ಬೇರೆ ದಾರಿಯಲ್ಲಿ. ಅದರ ತುದಿಯಲ್ಲಿ ಒಂದು ಕಿಣ್ವ (ಎನ್‌ಜೈಮ್) ಒಣಗಿಸಿ ಇಟ್ಟಿರುತ್ತಾರೆ. ಸಾಮಾನ್ಯವಾಗಿ ಗ್ಲುಕೋಸ್ ಆಕ್ಸಿಡೇಸ್, ಇಲ್ಲವೇ ಅದರದೇ ಜಾತಿಯ ಇನ್ನೊಂದು. ಅದು ರಕ್ತದಲ್ಲಿರುವ ಸಾವಿರ ಪದಾರ್ಥ ಬಿಟ್ಟು ಗ್ಲುಕೋಸನ್ನೇ ಹಿಡಿಯುತ್ತದೆ. ಹಿಡಿದಷ್ಟಕ್ಕೆ ತಕ್ಕ ಹಾಗೆ ಸಣ್ಣ ಕರೆಂಟು ಹುಟ್ಟುತ್ತದೆ. ಮೀಟರ್ ಓದುವುದು ಆ ಕರೆಂಟನ್ನು. ಇದಕ್ಕೊಂದು ಅಳತೆಗೋಲೂ ಇದೆ. 2013ರ ಐಎಸ್‌ಒ 15197 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಲ್ಯಾಬಿನ ನಂಬರಿಗೆ ಹೋಲಿಸಿದರೆ ನೂರಕ್ಕೆ 95 ಸಲ ಗ್ಲುಕೋಮೀಟರಿನ ನಂಬರ್ ಹತ್ತಿರ ಇರಬೇಕು. ಶುಗರ್ 100ಕ್ಕಿಂತ ಕಡಿಮೆ ಇದ್ದಾಗ 15 ಮಿಲಿಗ್ರಾಂ ಒಳಗೆ, ಅದಕ್ಕಿಂತ ಜಾಸ್ತಿ ಇದ್ದಾಗ ನೂರಕ್ಕೆ 15ರ ಒಳಗೆ. ಅಂದರೆ ಸ್ಟ್ರಿಪ್ಪೂ ದೇವರಲ್ಲ, ಹತ್ತಿಪ್ಪತ್ತು ಆಚೆ ಈಚೆ ಆಗುತ್ತದೆ. ಆದರೆ ಎಷ್ಟು ಆಚೆ ಈಚೆ ಎನ್ನುವುದಕ್ಕೆ ಒಂದು ಕಟ್ಟುಪಾಡು ಇದೆ. ಆ ವಾಚಿನ ಡಬ್ಬಿಯಲ್ಲಿ ಎಲ್ಲಿ ಹುಡುಕಿದರೂ ಇಂಥ ಒಂದು ಮಾತು ಸಿಗಲಿಲ್ಲ. ಸಿಕ್ಕಿದ್ದು ಕೊನೆಯ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದ ಒಂದು ಸಾಲು: ಇದು ವೈದ್ಯಕೀಯ ಬಳಕೆಗೆ ಅಲ್ಲ.

ಹಾಗಂತ ಸೂಜಿ ಇಲ್ಲದ ಮೀಟರ್ ಬರಿ ಸುಳ್ಳು, ಅದಕ್ಕೆ ಯಾರೂ ಪ್ರಯತ್ನ ಪಟ್ಟಿಲ್ಲ ಎಂದಲ್ಲ. ದಶಕಗಳಿಂದ ಬುದ್ಧಿವಂತರು ಬೆನ್ನು ಹತ್ತಿದ್ದಾರೆ. 2001ರಲ್ಲಿ ಅಮೆರಿಕದಲ್ಲಿ ಗ್ಲುಕೋವಾಚ್ ಎಂಬ ಸಾಧನಕ್ಕೆ ಸರ್ಕಾರದ ಒಪ್ಪಿಗೆಯೇ ಸಿಕ್ಕಿತ್ತು. ಸಣ್ಣ ಕರೆಂಟು ಹಾಯಿಸಿ ಚರ್ಮದೊಳಗಿನ ದ್ರವವನ್ನು ಹೊರಗೆ ಎಳೆದು ಅಳೆಯುತ್ತಿತ್ತು. ಕಟ್ಟಿಕೊಂಡ ಮೇಲೆ ಗಂಟೆಗಟ್ಟಲೆ ಕಾಯಬೇಕು. ಸರಿಹೊಂದಿಸಲು ಬೆರಳು ಚುಚ್ಚಲೇಬೇಕು. ಕಟ್ಟಿದ ಜಾಗ ಕೆಂಪಾಗಿ ತುರಿಸುತ್ತಿತ್ತು. ಎಲ್ಲಕ್ಕಿಂತ ವಿಚಿತ್ರ ಎಂದರೆ, ಮೈ ಬೆವರಿದರೆ ಅದು ನಂಬರ್ ಕೊಡದೆ ಬಿಟ್ಟುಬಿಡುತ್ತಿತ್ತು. ಶುಗರ್ ಇಳಿದಾಗ ಮೊದಲು ಬರುವುದೇ ಬೆವರು! ಕೆಲವೇ ವರ್ಷದಲ್ಲಿ ಮಾರುಕಟ್ಟೆಯಿಂದ ಹೋಯಿತು. 2014ರಲ್ಲಿ ಗೂಗಲ್ ಕಣ್ಣೀರಿನಿಂದ ಶುಗರ್ ನೋಡುವ ಕಾಂಟ್ಯಾಕ್ಟ್ ಲೆನ್ಸ್ ಮಾಡುತ್ತೇವೆ ಎಂದಿತು. 2018ರಲ್ಲಿ ಆ ಕೆಲಸ ನಿಂತಿತು, ಕಣ್ಣೀರಿನ ಸಕ್ಕರೆಗೂ ರಕ್ತದ ಸಕ್ಕರೆಗೂ ನಂಬುವಷ್ಟು ತಾಳೆ ಸಿಗಲಿಲ್ಲ. ನಮ್ಮ ಸರ್ ಸಿ.ವಿ. ರಾಮನ್ 1928ರಲ್ಲಿ ಕಂಡ ಬೆಳಕಿನ ಗುಣವನ್ನೇ ಹಿಡಿದು ಚರ್ಮದ ಮೂಲಕ ಗ್ಲುಕೋಸ್ ಗುರುತಿಸುವ ಪ್ರಯತ್ನವೂ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬೆಳಕು ಬಿಟ್ಟು ಅದರಿಂದ ಏಳುವ ಶಬ್ದದ ಅಲೆ ಕೇಳಿ ಗ್ಲುಕೋಸ್ ಅಂದಾಜು ಮಾಡುವ ಕೆಲಸ ನಡೆದಿದೆ. ಇವೆಲ್ಲ ಪ್ರಯೋಗಶಾಲೆಯ ಹಂತ. ಅಷ್ಟು ದೊಡ್ಡವರ ಕೈಗೆ ಇನ್ನೂ ಪೂರ್ತಿ ಸಿಗದೆ ಇರುವುದು ಎರಡು ಸಾವಿರ ರೂಪಾಯಿ ವಾಚಿನಲ್ಲಿ ಸಿಕ್ಕಿಬಿಡುತ್ತದಾ?

2024ರ ಫೆಬ್ರವರಿ 21ರಂದು ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಸಾರ್ವಜನಿಕರಿಗೆ ಒಂದು ಎಚ್ಚರಿಕೆ ಕೊಟ್ಟಿತು. ಚರ್ಮಕ್ಕೆ ಚುಚ್ಚದೆ ತಾನೇ ಶುಗರ್ ಅಳೆಯುವ ಯಾವ ಸ್ಮಾರ್ಟ್ ವಾಚಿಗೂ, ಸ್ಮಾರ್ಟ್ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಯಾವ ಕಂಪನಿಯದ್ದೇ ಆಗಲಿ ಕೊಳ್ಳಬೇಡಿ, ಬಳಸಬೇಡಿ ಎಂದಿತು. ಹೀಗೆ ತಪ್ಪು ನಂಬರ್ ನಂಬಿ ಇನ್ಸುಲಿನ್ ಅಥವಾ ಮಾತ್ರೆ ಜಾಸ್ತಿ ತೆಗೆದುಕೊಂಡರೆ ಶುಗರ್ ತೀರಾ ಇಳಿದು ಪ್ರಾಣಕ್ಕೇ ಕುತ್ತು ಬರಬಹುದು ಎಂದೂ ಹೇಳಿತು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು, ಮಾರುವವರು ಅದರ ಮೇಲೇ ಬದುಕುತ್ತಿದ್ದಾರೆ. ತೋಳಿಗೆ ಅಂಟಿಸುವ ಸೆನ್ಸರ್ ಇದೆ. ಸಿಜಿಎಂ ಅನ್ನುತ್ತಾರೆ. ಅದು ನಿಜವಾದ ಸಾಧನ. ನಾಣ್ಯದಗಲದ ಬಿಲ್ಲೆ, ಅದರಿಂದ ಕೂದಲಿನಂಥ ಒಂದು ಎಳೆ ಚರ್ಮದೊಳಗೆ ಅರ್ಧ ಸೆಂಟಿಮೀಟರಿನಷ್ಟು ಇಳಿದಿರುತ್ತದೆ. ಆ ಎಳೆಯ ಮೇಲೂ ಸ್ಟ್ರಿಪ್ಪಿನಲ್ಲಿರುವಂಥ ಕಿಣ್ವವೇ ಇರುತ್ತದೆ. ರಕ್ತದ ಬದಲು ಚರ್ಮದ ಕೆಳಗಿನ ದ್ರವದಲ್ಲಿ ಅಳೆಯುವುದರಿಂದ ಕೆಲವು ನಿಮಿಷ ಹಿಂದೆ ಇರುತ್ತದೆ. ಸುಮಾರು ಎರಡು ವಾರ ಬಾಳುತ್ತದೆ. ಬೆಲೆ ಸಾವಿರಗಳಲ್ಲಿ. ಇದರ ನಂಬರನ್ನು ಮೊಬೈಲಿನಲ್ಲೂ ವಾಚಿನಲ್ಲೂ ನೋಡಬಹುದು. ಸಿನಿಮಾ ನಟರೋ ಆಟಗಾರರೋ ವಾಚಿನಲ್ಲಿ ಶುಗರ್ ನೋಡುವ ಚಿತ್ರ ಬಂದರೆ ಅವರ ತೋಳಿನ ಮೇಲೆ ಆ ಬಿಲ್ಲೆ ಇರುತ್ತದೆ. ಜಾಹೀರಾತಿನವರು ತೋಳನ್ನು ಕತ್ತರಿಸಿ ವಾಚನ್ನು ಮಾತ್ರ ತೋರಿಸುತ್ತಾರೆ.

ಇದೇ ಸಾಲಿಗೆ ಹಳ್ಳಿ ಕ್ಯಾಂಪುಗಳ "ಬಾಡಿ ಸ್ಕ್ಯಾನ್" ಕೂಡ ಸೇರುತ್ತದೆ. ಕೈಯಲ್ಲಿ ಒಂದು ಕಬ್ಬಿಣದ ಕಡ್ಡಿ ಹಿಡಿಸಿ, ಲ್ಯಾಪ್‌ಟಾಪಿನಲ್ಲಿ ಕಿಡ್ನಿ, ಲಿವರ್, ಶುಗರ್ ಎಲ್ಲದರ ರಿಪೋರ್ಟ್ ಕೊಟ್ಟು, ಕೊನೆಗೆ ಪುಡಿ ಡಬ್ಬಿ ಮಾರಿ ಹೋಗುತ್ತಾರೆ. ಅದರ ಬಗ್ಗೆ ಬರೆದರೆ ಇನ್ನೊಂದು ಪತ್ರವೇ ಆಗುತ್ತದೆ, ಬಿಡಿ.

ಈಗ ನಿಮ್ಮ ಕೈಯಲ್ಲಿ ಏನಿದೆ ಎನ್ನುವ ಮಾತು.

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ಲೆಕ್ಕದಲ್ಲಿ ಔಷಧಗಳೇ. ಅವುಗಳಿಗೆ 2017ರ ವೈದ್ಯಕೀಯ ಸಾಧನ ನಿಯಮಗಳು ಅನ್ವಯ. ತಯಾರಿಸಲು, ಹೊರಗಿನಿಂದ ತರಿಸಲು ಲೈಸೆನ್ಸ್ ಬೇಕು. ಮಾರುವ ಅಂಗಡಿಗೂ ಔಷಧ ಮಾರಾಟದ ಲೈಸೆನ್ಸ್ ಬೇಕು, ಇಲ್ಲವೇ ಎಂಡಿ-42 ಎಂಬ ನೋಂದಣಿ ಬೇಕು. ನನ್ನ ಅಂಗಡಿಯ ಗೋಡೆಗೆ ಲೈಸೆನ್ಸ್ ಕಟ್ಟು ಹಾಕಿಸಿ ತಗುಲಿಸಿದ್ದೇನೆ. ಇನ್‌ಸ್ಪೆಕ್ಟರ್ ಬಂದು ಫ್ರಿಜ್ಜಿನ ತಾಪಮಾನ ನೋಡುತ್ತಾರೆ, ಬಿಲ್ ನೋಡುತ್ತಾರೆ. ನೋಡಬೇಕು, ಅದು ಸರಿ. ಆದರೆ ನಾಲ್ಕು ಅಂಗಡಿ ಆಚೆ ಚಾರ್ಜರ್, ಇಯರ್‌ಫೋನ್ ಜೊತೆ "ಶುಗರ್ ಮೀಟರ್" ಎಂದು ಬೋರ್ಡ್ ಬರೆದು ನೇತುಹಾಕಿದವರನ್ನು ಯಾರೂ ಏನೂ ಕೇಳುವುದಿಲ್ಲ. ಅಳೆಯುತ್ತದೆ ಎಂದಾದರೆ ಅದು ವೈದ್ಯಕೀಯ ಸಾಧನ, ಲೈಸೆನ್ಸ್ ತೋರಿಸಲಿ. ಅಳೆಯುವುದಿಲ್ಲ ಎಂದಾದರೆ ಬೋರ್ಡ್ ಸುಳ್ಳು, ಇಳಿಸಲಿ. ಎರಡರಲ್ಲಿ ಒಂದು ಒಪ್ಪಲೇಬೇಕು.

ಇನ್ನೊಂದು ಕಾನೂನು ನೇರ ನಿಮ್ಮ ಹೆಸರಿಗೇ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 16ನೇ ಕಲಮು. ಗ್ರಾಹಕರ ಹಕ್ಕಿಗೆ ಒಟ್ಟಾಗಿ ಧಕ್ಕೆ ಬಂದಾಗ, ದಾರಿ ತಪ್ಪಿಸುವ ಜಾಹೀರಾತು ಬಂದಾಗ, ದೂರಿನ ಮೇಲೆ ಜಿಲ್ಲಾಧಿಕಾರಿ ತನಿಖೆ ಮಾಡಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು. 17ನೇ ಕಲಮಿನ ಪ್ರಕಾರ ಅಂಥ ದೂರನ್ನು ಜನ ನೇರ ನಿಮಗೇ ಕೊಡಬಹುದು. ಸುಳ್ಳು ಜಾಹೀರಾತು ಎಂದು ಸಾಬೀತಾದರೆ ಆ ಪ್ರಾಧಿಕಾರ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಈ ಪತ್ರವನ್ನು ಆ ದೂರು ಎಂದೇ ತೆಗೆದುಕೊಳ್ಳಿ. ವಾಚು, ಅದರ ಡಬ್ಬಿ, ಬಿಲ್ಲು, ವಾಟ್ಸಾಪಿನಲ್ಲಿ ಬಂದ ಜಾಹೀರಾತಿನ ಪ್ರಿಂಟ್, ಎಲ್ಲವನ್ನೂ ಟಪಾಲಿನಲ್ಲಿ ಲಗತ್ತಿಸಿದ್ದೇನೆ. ಕಬ್ಬಿನ ಫೋಟೋ ಕೂಡ ಇದೆ.

ಆದರೆ ಅಂಗಡಿಗಳ ಮೇಲೆ ದಾಳಿ ಮಾಡಿ ಕೈ ತೊಳೆದುಕೊಂಡರೆ ಕೆಲಸ ಮುಗಿಯುವುದಿಲ್ಲ ಸ್ವಾಮಿ. ಜನ ಯಾಕೆ ಮೋಸ ಹೋಗುತ್ತಿದ್ದಾರೆ ಎಂದು ಕೌಂಟರಿನ ಈಚೆ ನಿಂತು ನೋಡಿದ್ದೇನೆ. ಒಂದು, ನೋವು. ಎರಡು, ದುಡ್ಡು.

ಬೆರಳು ಚುಚ್ಚಿದರೆ ನೋಯುತ್ತದೆ. ಇದನ್ನು "ಇರುವೆ ಕಚ್ಚಿದ ಹಾಗೆ" ಎಂದು ತಳ್ಳಿಹಾಕುವವರು ದಿನಕ್ಕೆ ನಾಲ್ಕು ಸಲ ಚುಚ್ಚಿಕೊಂಡು ನೋಡಲಿ. ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳ ಬೆರಳ ತುದಿ ನೋಡಿದ್ದೀರಾ? ಆದರೆ ನಮ್ಮಲ್ಲಿ ಅರ್ಧ ನೋವು ಚುಚ್ಚುವ ರೀತಿಯಿಂದ ಬರುವುದು. ಬೆರಳ ತುದಿಯ ನಡುಮಧ್ಯಕ್ಕೆ ಚುಚ್ಚುತ್ತಾರೆ. ಅಲ್ಲೇ ನರ ಜಾಸ್ತಿ. ಪಕ್ಕಕ್ಕೆ, ಉಗುರಿನ ಬದಿಗೆ ಚುಚ್ಚಿದರೆ ನೋವು ಎಷ್ಟೋ ಕಡಿಮೆ. ಒಂದೇ ಲ್ಯಾನ್ಸೆಟ್ಟನ್ನು, ಅಂದರೆ ಚುಚ್ಚುವ ಸೂಜಿಯನ್ನು, ತಿಂಗಳುಗಟ್ಟಲೆ, ಮನೆಮಂದಿಗೆಲ್ಲ ಬಳಸುತ್ತಾರೆ. ಮೊಂಡಾದ ಸೂಜಿ ನೋಯದೆ ಇರುತ್ತದಾ? ಮನೆಮಂದಿಗೆಲ್ಲ ಒಂದೇ ಸೂಜಿ ಅಂದರೆ ಕಾಮಾಲೆಯಂಥ ಸೋಂಕನ್ನೂ ಹಂಚಿದ ಹಾಗೆ. ಪೆನ್ನಿನಂಥ ಸಾಧನದಲ್ಲಿ ಎಷ್ಟು ಆಳ ಎಂದು ತಿರುಗಿಸುವ ನಂಬರ್ ಇರುತ್ತದೆ. ಮೆತ್ತನೆ ಬೆರಳಿಗೆ 2 ಸಾಕು, ಹೊಲದಲ್ಲಿ ದುಡಿಯುವ ಕೈಗೆ 4 ಬೇಕಾಗಬಹುದು. ಇದನ್ನು ಹೇಳಿಕೊಡಲು ಐದು ನಿಮಿಷ ಬೇಕು. ಆ ಐದು ನಿಮಿಷ ಯಾರ ಹತ್ತಿರವೂ ಇಲ್ಲ.

ಕೈ ತೊಳೆಯುವುದನ್ನೂ ಹೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಇದು ಬೇರೆಲ್ಲಕ್ಕಿಂತ ಮುಖ್ಯ. ಆಲೆಮನೆಯಿಂದ ನೇರ ಬಂದು ಬೆರಳು ಕೊಟ್ಟರೆ ಬೆಲ್ಲದ ಪಾಕವೇ ರಕ್ತದ ಹನಿಯಲ್ಲಿ ಸೇರಿ ನಂಬರ್ ಆಕಾಶಕ್ಕೆ ಏರುತ್ತದೆ. ಹಣ್ಣು ಸುಲಿದ ಕೈಯಲ್ಲೂ ಅದೇ ಕಥೆ. ಸೋಪು ಹಾಕಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಚುಚ್ಚಬೇಕು. ಹಾಗೆ ಮಾಡದೆ ಒಂದು ಸಲ 280, ಐದು ನಿಮಿಷಕ್ಕೆ 150 ಬಂದರೆ ಜನ ಮೀಟರಿನ ಮೇಲೆ ನಂಬಿಕೆ ಕಳೆದುಕೊಳ್ಳುತ್ತಾರೆ. ವಾಚು ನೋಡಿ, ಪಾಪ, ಯಾವತ್ತೂ ಮಾತು ಬದಲಿಸುವುದಿಲ್ಲ.

ದುಡ್ಡಿನ ಮಾತು. ಒಂದು ಸ್ಟ್ರಿಪ್ಪಿಗೆ ಹದಿನೈದು ಇಪ್ಪತ್ತು ರೂಪಾಯಿ ಹಿಡಿಯಿರಿ. ದಿನಕ್ಕೆ ಎರಡು ಎಂದರೆ ತಿಂಗಳಿಗೆ ಸಾವಿರದ ಹತ್ತಿರ. ಕೂಲಿ ಮಾಡುವ ಮನೆಗೆ ಅದು ಹೊರೆ. "ಒಂದ್ಸಲ ಎರಡು ಸಾವಿರ ಕೊಟ್ರೆ ಜೀವನಪೂರ್ತಿ ಸ್ಟ್ರಿಪ್ ಬ್ಯಾಡ" ಎನ್ನುವ ಮಾತು ಕಿವಿಗೆ ಹಿತವಾಗಿ ಬೀಳುವುದು ಅದಕ್ಕೇ. ಎಲ್ಲರಿಗೂ ದಿನಾ ಚುಚ್ಚುವ ಅಗತ್ಯವೂ ಇಲ್ಲ, ಇದನ್ನೂ ಯಾರೂ ಹೇಳುವುದಿಲ್ಲ. ಸ್ಟ್ರಿಪ್ ಮಾರುವವಳೇ ಹೇಳುತ್ತಿದ್ದೇನೆ ಕೇಳಿ. ಮೆಟ್‌ಫಾರ್ಮಿನ್ ಒಂದೇ ಮಾತ್ರೆಯಲ್ಲಿ ಸ್ಥಿರವಾಗಿರುವ ಬಹಳ ಜನಕ್ಕೆ ದಿನಾ ಬೆರಳು ಚುಚ್ಚುವುದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಇಲ್ಲ. ವೈದ್ಯರು ಹೇಳಿದ ಅಂತರಕ್ಕೆ ಎಚ್‌ಬಿಎ1ಸಿ ಮಾಡಿಸಿದರೆ ಸಾಕಾಗುತ್ತದೆ. ಇನ್ಸುಲಿನ್ ಹಾಕಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು, ಶುಗರ್ ಇರುವ ಬಸಿರು ಹೆಂಗಸರು, ಇವರಿಗೆ ಸ್ಟ್ರಿಪ್ ಬೇಕೇ ಬೇಕು. ಇನ್ಸುಲಿನ್, ಅಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಶುಗರ್ 70ಕ್ಕಿಂತ ಕೆಳಗೆ ಇಳಿಯುವ ಭಯ ಇರುತ್ತದೆ. ಸರ್ಕಾರದ ದುಡ್ಡು ಹೋಗಬೇಕಾದ್ದು ಆ ಮನೆಗಳಿಗೆ.

ಸಂಖ್ಯೆ ಸಣ್ಣದಲ್ಲ. 2023ರಲ್ಲಿ ಹೊರಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಶುಗರ್ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಇದ್ದಾರೆ. 30 ದಾಟಿದವರಿಗೆ ಶುಗರ್, ಬಿಪಿ ನೋಡುವ ಕಾರ್ಯಕ್ರಮ ಸರ್ಕಾರದ್ದೇ ಇದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಾರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳಿಗೆ ಎನ್‌ಸಿಡಿ ಕ್ಲಿನಿಕ್ ಇದೆ. ಹೊಸದೇನೂ ಕಟ್ಟಬೇಕಿಲ್ಲ. ಇರುವ ಕಡೆ ಸ್ಟ್ರಿಪ್ ಖಾಲಿಯಾಗದ ಹಾಗೆ ನೋಡಿಕೊಳ್ಳಿ. ಇನ್ಸುಲಿನ್ ಮೇಲಿರುವವರಿಗೆ ಮನೆಗೆ ತಿಂಗಳ ಸ್ಟ್ರಿಪ್, ಲ್ಯಾನ್ಸೆಟ್ ಕೊಡಲು ಆಗುತ್ತದಾ ನೋಡಿ. ಚುಚ್ಚುವುದನ್ನು ಕಲಿಸುವ ಆ ಐದು ನಿಮಿಷವನ್ನು ಆಶಾ ಕಾರ್ಯಕರ್ತೆಯರ ತರಬೇತಿಗೆ ಸೇರಿಸಿ. ನಮ್ಮಂಥ ಮೆಡಿಕಲ್ ಸ್ಟೋರಿನವರನ್ನು ಕರೆದರೆ ನಾವೂ ಬರುತ್ತೇವೆ, ಬಾಡಿಗೆ ಭತ್ಯೆ ಏನೂ ಬೇಡ.

ಮನೆಯವರಿಗೂ ಎರಡು ಮಾತು. ವಾಚು ಈಗಾಗಲೇ ತಂದಿದ್ದರೆ ಟೈಮ್ ನೋಡಿಕೊಳ್ಳಿ, ಎಷ್ಟು ಹೆಜ್ಜೆ ನಡೆದಿರಿ ಎಂದು ನೋಡಿಕೊಳ್ಳಿ, ಶುಗರ್ ಪುಟ ತೆರೆಯಬೇಡಿ. ಅದರ ನಂಬರ್ ನೋಡಿ ಮಾತ್ರೆ ಬಿಡಬೇಡಿ, ಜಾಸ್ತಿಯೂ ಮಾಡಬೇಡಿ. ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲಿಟ್ಟರೆ ವಾಚು ಏನೇ ಹೇಳಲಿ, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಕಾಲು ಗಂಟೆಗೆ ಬೆರಳು ಚುಚ್ಚಿ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ಮೋಸ ಹೋಗಿದ್ದರೆ ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ. ತಂದುಕೊಟ್ಟ ಮಗನನ್ನು ಬೈಯಬೇಡಿ, ಅವನು ಪ್ರೀತಿಯಿಂದ ತಂದಿದ್ದು.

ಜಿಲ್ಲಾಧಿಕಾರಿಗಳೇ, ತನಿಖೆಗೆ ಕಾಗದ ಓಡಾಡಲು ಟೈಮ್ ಹಿಡಿಯುತ್ತದೆ, ಗೊತ್ತು. ಅಷ್ಟರೊಳಗೆ ಒಂದು ಕೆಲಸ ಮಾಡಬಹುದು. ಮಾರುವವರನ್ನು ಅವರ ವಾಚಿನ ಜೊತೆ ನಿಮ್ಮ ಕಚೇರಿಗೆ ಕರೆಸಿ. ಮಿಮ್ಸ್‌ನಿಂದ ಒಬ್ಬ ಲ್ಯಾಬ್ ಟೆಕ್ನೀಷಿಯನ್ ಬರಲಿ. ಶುಗರ್ ಇರುವ ಹತ್ತು ಜನ, ಇಲ್ಲದ ಹತ್ತು ಜನ, ಒಪ್ಪಿ ಬಂದವರು ಮಾತ್ರ, ಸಾಲಾಗಿ ಕೂರಲಿ. ಒಂದು ಕೈಗೆ ವಾಚು, ಇನ್ನೊಂದು ಕೈಯಿಂದ ರಕ್ತ. ನಂಬರನ್ನು ಎಲ್ಲರೆದುರು ಬೋರ್ಡ್ ಮೇಲೆ ಬರೆಯಲಿ. ಒಂದೇ ವಿನಂತಿ. ಇದನ್ನು ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಇಡಬೇಡಿ, ಆ ಹೊತ್ತಿನಲ್ಲಿ ಊಹೆಯೂ ಸರಿ ಬರುತ್ತದೆ. ಎಲ್ಲರಿಗೂ ತಿಂಡಿ ಕೊಟ್ಟು ಒಂದು ಗಂಟೆ ಆದ ಮೇಲೆ ಇಡಿ.

ಇತಿ,
ಮಂಡ್ಯದ ಒಬ್ಬ ಮೆಡಿಕಲ್ ಸ್ಟೋರಿನವಳು